ಕೀಲಿಮಣೆ ಕೆಟ್ಟರೆ ಯಂತ್ರವನ್ನೇ ಬದಲಿಸಬೇಕೆ?

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದ ನೂಲಿನ ಧೂಳು, ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಬ್ಬಿನ ಗಾಡಿಗಳೆಬ್ಬಿಸುವ ಮಣ್ಣು ತಪ್ಪಿದ್ದಲ್ಲ. ಮಕ್ಕಳ ಓದಿಗೆಂದು ತಂದ ಲ್ಯಾಪ್‌ಟಾಪಿನ ಕೀಲಿಮಣೆಗೆ ಈ ಧೂಳೇ ದೊಡ್ಡ ವೈರಿ. ಎರಡು ಅಕ್ಷರ ಮೂಡದಾದ ಮಾತ್ರಕ್ಕೆ ಹೊಸ ಯಂತ್ರಕ್ಕೆ ಸಾಲ ಮಾಡುವುದು ತರವಲ್ಲವೆಂದು ಸದ್ಭಕ್ತರಲ್ಲಿ ಅರಿಕೆ ಮಾಡುತ್ತೇವೆ.

ಮೊದಲು ದೋಷದ ಮೂಲವನ್ನರಿಯಬೇಕು. ಒಂದೇ ಕೀಲಿ ಅಂಟಿದರೆ ಧೂಳು ಸೇರಿರಬಹುದು. ಯಂತ್ರವನ್ನು ನಿಲ್ಲಿಸಿ, ಓರೆಯಾಗಿ ಹಿಡಿದು ಗಾಳಿ ಊದಿಸಬೇಕು. ಹಲವು ಕೀಲಿಗಳು ಒಟ್ಟಿಗೆ ಕೆಟ್ಟರೆ ಒಳಗಿನ ಸಂಪರ್ಕಪಟ್ಟಿಯನ್ನು ಪರೀಕ್ಷಿಸಬೇಕು. ಚಹಾ ಚೆಲ್ಲಿದರೆ ತಕ್ಷಣ ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಿತ್ತು, ದುರಸ್ತಿಗಾರರಿಗೆ ತೋರಿಸುವವರೆಗೆ ಮತ್ತೆ ಚಾಲೂ ಮಾಡಬಾರದು. ಯುಎಸ್‌ಬಿ ಕೀಲಿಮಣೆಯನ್ನು ಹೊರಗಿನಿಂದ ಜೋಡಿಸಿದಾಗ ಅಕ್ಷರಗಳು ಸರಿಯಾಗಿ ಮೂಡಿದರೆ, ದೋಷವು ಬಹುಶಃ ಒಳಗಿನ ಕೀಲಿಮಣೆಯಲ್ಲಿಯೇ ಇದೆ. ಪರೀಕ್ಷೆಯ ದಿನಗಳನ್ನು ಅದರಿಂದಲೇ ಕಳೆಯಬಹುದು.

ಬದಲಿ ಕೀಲಿಮಣೆ ಕೊಳ್ಳುವವರು ಯಂತ್ರದ ಅಡಿಯಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದೊಯ್ಯಬೇಕು. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು, ಕೀಲಿಮಣೆ ತಿರುಪು ಬಿಚ್ಚಿ ತೆಗೆಯುವಂಥದೋ, ಮೇಲ್ಕವಚಕ್ಕೆ ಬೆಸೆದದ್ದೋ ಎಂದು ವಿಚಾರಿಸಬೇಕು. ಎರಡನೆಯದರ ದುರಸ್ತಿ ದುಬಾರಿ. ಬೆಲೆ ಹೆಚ್ಚಾದರೆ ಬಾಳಿಕೆಯೂ ಹೆಚ್ಚೆಂದು ನಂಬಲಾಗದು. ಆ್ಯಪಲ್ ಸಂಸ್ಥೆಯು 2015ರಲ್ಲಿ ತಂದ ತೆಳುವಾದ ‘ಬಟರ್‌ಫ್ಲೈ’ ಕೀಲಿಮಣೆಯ ಕೀಲಿಗಳು ಅಂಟುವ ದೂರುಗಳು ಬಂದವು. 2018ರಲ್ಲಿ ಸಂಸ್ಥೆಯು ಉಚಿತ ದುರಸ್ತಿಯನ್ನು ಪ್ರಕಟಿಸಿ, 2019ರಲ್ಲಿ ಹಳೆಯ ಕತ್ತರಿ ಮಾದರಿಗೆ ಮರಳತೊಡಗಿತು.

ಕೆಲಸ ಮುಗಿದೊಡನೆ ಯಂತ್ರವನ್ನು ಮುಚ್ಚಿ ಚೀಲದಲ್ಲಿಡುವುದನ್ನು ಮಕ್ಕಳಿಗೆ ರೂಢಿ ಮಾಡಿಸೋಣ. ಬೆವರು ಸುರಿಸಿ ಗಳಿಸಿದ ಹಣ ಅವರ ಮುಂದಿನ ಓದಿಗೆ ಉಳಿಯಲಿ.