ಬದುವಿನ ಮೇಲಿನ ಮಗು

ರೈತ ಬಾಂಧವರೇ, ಕಳೆ ಕೀಳೋ ದಿನ ನಿಮ್ಮ ಹೊಲದ ಬದುವಿನ ಕಡೆ ಒಮ್ಮೆ ನೋಡಿ. ಹೊಂಗೆ ಮರಕ್ಕೆ ಸೀರೆಯ ಜೋಲಿ, ಕೆಳಗೆ ಮಣ್ಣಲ್ಲಿ ಆಡ್ತಿರೋ ನಾಲ್ಕು ವರ್ಷದ ಮಗು. ಜೋಲಿಯ ಕೂಸಿನ ಮಾತು ಬೇರೆ. ಆ ನಾಲ್ಕು ವರ್ಷದ್ದು ಇರಬೇಕಾದ್ದು ಅಂಗನವಾಡಿಯಲ್ಲಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. ಆಹಾರ, ಚುಚ್ಚುಮದ್ದು, ಮೂರು ತುಂಬಿದ ಮಕ್ಕಳಿಗೆ ಆಟಪಾಠ. ರೇಷನ್ ಕಾರ್ಡಿನ ಬಣ್ಣ ಕೇಳುವಂತಿಲ್ಲ, 2004ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅಂಗನವಾಡಿ ಇಲ್ಲದ ಹಟ್ಟಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ, ಕೇಳಿದ ಮೂರು ತಿಂಗಳಲ್ಲಿ ಕೊಡಬೇಕೆಂದು 2006ರಲ್ಲಿ ಆಜ್ಞೆಯನ್ನೂ ಮಾಡಿತು.

ಮತ್ತೆ ಮಗು ಬದುವಲ್ಲಿ ಯಾಕಿದೆ? ಅಂಗನವಾಡಿಯ ಬಾಗಿಲು ತೆರೆಯೋ ಹೊತ್ತಿಗೆ ಅದರ ಅವ್ವ ನಮ್ಮ ಹೊಲದಲ್ಲಿ ಎರಡು ಸಾಲು ಮುಗಿಸಿರ್ತಾಳೆ. ತಡವಾಗಿ ಬಂದರೆ ಕೂಲಿ ಮುರ್ಕೊಳ್ಳೋರು ನಾವೇ. ಬೆಳೆಗೆ ಬೆಲೆಯಿಲ್ಲ, ಸಾಲ ತೀರಿಲ್ಲ, ಕೂಲಿ ಎಲ್ಲಿಂದ ಏರಿಸೋದು ಅಂತೀರಿ. ಒಪ್ಪಿದೆ, ನನ್ನ ಕಥೆಯೂ ಅದೇ. ಆದ್ರೆ ಅರ್ಧ ಗಂಟೆ ಬಿಡೋಕೆ ಯಾವ ಸೊಸೈಟಿಯ ಸಾಲ ಬೇಕು ಸ್ವಾಮಿ? “ಮಗೂನ ಬಿಟ್ಟು ಬಾರವ್ವ, ಕೂಲಿ ಮುರಿಯಲ್ಲ” ಅನ್ನಿ. ಗ್ರಾಮಸಭೆಯಲ್ಲಿ ನಡೆಯೋದು ನಿಮ್ಮ ಮಾತೇ ತಾನೆ? ಹಟ್ಟಿಗೆ ಅಂಗನವಾಡಿ ಬೇಕೆಂಬ ಅರ್ಜಿಗೆ ಮೊದಲ ರುಜು ನೀವೇ ಹಾಕಿ.