ತಕ್ಕಡಿಗೆ ಮುದ್ರೆ ಇದೆ, ಗ್ರೈಂಡರಿಗೆ ಯಾಕಿಲ್ಲ?



ಮಿಠಾಯಿ, ಫರಸಾಣದ ಕೌಂಟರ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ. ಇಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ವೈಧ ಮಾಪನ ಇಲಾಖೆಯ ಮುದ್ರೆ ಬೀಳಲೇಬೇಕು. ಬೆಂಕಿ ಆರಿಸುವ ಸಿಲಿಂಡರಿಗೂ ತಾರೀಕಿನ ಚೀಟಿ ಅಂಟಿಸಿರುತ್ತಾರೆ. ತಕ್ಕಡಿ ತಪ್ಪಿದರೆ ಗಿರಾಕಿಗೆ ಹತ್ತು ಗ್ರಾಂ ಜಿಲೇಬಿ ಕಡಿಮೆ ಸಿಕ್ಕೀತು, ಅಷ್ಟೇ. ಆದರೆ ನಮ್ಮ ಹುಡುಗರು ಒದ್ದೆ ನೆಲದ ಮೇಲೆ ನಿಂತು ಒದ್ದೆ ಕೈಯಲ್ಲಿ ಮುಟ್ಟುವ ಗ್ರೈಂಡರ್, ಮಿಕ್ಸರ್, ವಾಟರ್ ಕೂಲರ್, ಹಾಟ್ ಕೇಸ್ ಇವಕ್ಕೆ ಮುದ್ರೆಯೂ ಇಲ್ಲ, ಚೀಟಿಯೂ ಇಲ್ಲ, ಕೇಳುವವರೂ ಇಲ್ಲ.

ಐಎಸ್‌ಐ ಮಾರ್ಕ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಆ ಮಾರ್ಕ್ ಮಷಿನ್ ಕಾರ್ಖಾನೆ ಬಿಟ್ಟ ದಿನದ ಮಾತು. ಆಮೇಲೆ ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಏನೇನಾಗುತ್ತದೆ ನೋಡಿ. ದಿನಾ ನೀರು ಎರಚಿ ತೊಳೆಯುತ್ತಾರೆ. ವೈರ್ ಮೇಲೆ ಅಕ್ಕಿ ಮೂಟೆ ಎಳೆಯುತ್ತಾರೆ. ಇಲಿ ಕಡಿಯುತ್ತದೆ. ರಿಪೇರಿಗೆ ಹೋದ ಮಷಿನ್ ತಿರುಗಿ ಬರುವಾಗ ಮೂರು ಪಿನ್ನಿನ ಪ್ಲಗ್ ಹೋಗಿ ಎರಡು ಪಿನ್ನಿನದು ಬಂದಿರುತ್ತದೆ. ಹಸಿರು ವೈರ್ ಕತ್ತರಿಸಿ ಟೇಪ್ ಸುತ್ತಿರುತ್ತಾರೆ. ಮಷಿನ್ ಮಾತ್ರ ಚೆನ್ನಾಗಿ ತಿರುಗುತ್ತದೆ, ಅದರಿಂದಲೇ ಯಾರಿಗೂ ತಿಳಿಯುವುದಿಲ್ಲ. ಅರ್ಥಿಂಗ್ ಇಲ್ಲದ ಗ್ರೈಂಡರ್ ಒಳಗೆ ಲೀಕೇಜ್ ಆಗುವ ದಿನದವರೆಗೂ ಸರಿಯಾಗಿಯೇ ಹಿಟ್ಟು ರುಬ್ಬುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ಎಂಸಿಬಿ ಹಾಕಿಸಿದ್ದೇನೆ, ಇನ್ನು ಭಯವಿಲ್ಲ ಎನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಮೈಯಲ್ಲಿ 30 ಮಿಲಿ ಆಂಪಿಯರ್ ಹರಿದರೇ ಜೀವಕ್ಕೆ ಅಪಾಯ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ, ನಮ್ಮ ವೈರ್‌ಮನ್‌ಗಳು ಹಳೆ ಹೆಸರಿನಲ್ಲಿ ಇಎಲ್‌ಸಿಬಿ ಎನ್ನುವುದು. ಅದಕ್ಕೆ ಒಂದು ಟೆಸ್ಟ್ ಬಟನ್ ಇದೆ. ಎಷ್ಟು ಮಂದಿ ಮಾಲೀಕರು ಅದನ್ನು ಒತ್ತಿ ನೋಡಿದ್ದಾರೆ?

ಆದರೆ ಮಧ್ಯಾಹ್ನದ ರಶ್ಶಿನಲ್ಲಿ ಅದು ಎರಡು ಸಲ ಟ್ರಿಪ್ ಆದರೆ ಸಾಕು, ವೈರ್‌ಮನ್ ಬಂದು ಬೈಪಾಸ್ ಮಾಡಿ ಇನ್ನೂರು ರೂಪಾಯಿ ತೆಗೆದುಕೊಂಡು ಹೋಗುತ್ತಾನೆ. ಮಾಲೀಕನಿಗೂ ಸಮಾಧಾನ. ಟ್ರಿಪ್ ಆದದ್ದು ಯಾಕೆ ಎಂದು ಹುಡುಕುವವರಿಲ್ಲ. ಹೆಚ್ಚಾಗಿ ಹಾಟ್ ಕೇಸ್, ಗೀಸರಿನ ಎಲಿಮೆಂಟ್ ನೀರಿನ ಪಸೆ ಹಿಡಿದಿರುತ್ತದೆ. ಒಂದೊಂದರದ್ದು ಸ್ವಲ್ಪ ಸ್ವಲ್ಪ ಲೀಕೇಜ್, ಎಲ್ಲವೂ ಒಂದೇ ಸ್ವಿಚ್ಚಿನ ಮೇಲೆ ಕೂಡಿಕೊಳ್ಳುತ್ತದೆ. ಮೂರು ನಾಲ್ಕು ಭಾಗ ಮಾಡಿ ಬೇರೆ ಬೇರೆ ಆರ್‌ಸಿಸಿಬಿ ಹಾಕಿದರೆ ಕೆಟ್ಟ ಮಷಿನ್ ಯಾವುದು ಎಂದು ತಾನಾಗಿ ಗೊತ್ತಾಗುತ್ತದೆ.

ಬಾರಾಮತಿಯವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ನಾವು ಬಂದದ್ದು ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯ ಹಸಿ ನೆಲದಿಂದ. ಇಲ್ಲಿ ಹಾಗಲ್ಲ. ನೀರಾ ಕಾಲುವೆಯ ನೀರು ಹಾಯುವ ಕಡೆ ಕಬ್ಬು ನಿಂತಿರುತ್ತದೆ, ಉಳಿದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕಪ್ಪು ಮಣ್ಣು ಬಿರಿಯುತ್ತದೆ. ಅರ್ಥಿಂಗ್ ಗುಂಡಿಯೂ ಅದೇ ಮಣ್ಣಿನಲ್ಲಿದೆ. ಗುಂಡಿ ಒಣಗಿದರೆ ಅರ್ಥಿಂಗ್ ಸೋಲುತ್ತದೆ. ಹೋಟೆಲ್ ಹಿಂದಿನ ಆ ಗುಂಡಿಗೆ ವಾರಕ್ಕೆ ಎರಡು ಬಕೆಟ್ ನೀರು ಸುರಿಯಲು ಯಾವ ಲೈಸೆನ್ಸೂ ಬೇಡ. ಕೆಲವು ಕಡೆ ಗುಂಡಿಯ ಮೇಲೆ ಟೈಲ್ಸ್ ಹಾಕಿ ಬೈಕ್ ನಿಲ್ಲಿಸಿರುವುದನ್ನೂ ನೋಡಿದ್ದೇನೆ.

ಹೊರದೇಶದಲ್ಲಿ ಪ್ಲಗ್ಗಿಗೆ ಹಾಕುವ ಮಷಿನ್‌ಗಳನ್ನು ಪರೀಕ್ಷೆ ಮಾಡುವುದೇ ಒಂದು ಕಸುಬು. ಬ್ರಿಟನ್ನಿನಲ್ಲಿ 1989ರ ಕಾಯಿದೆ ಬಂದ ಮೇಲೆ ಇದು ಬೆಳೆಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಇದಕ್ಕೆಂದೇ 3760 ನಂಬರಿನ ಸ್ಟ್ಯಾಂಡರ್ಡ್ ಇದೆ. ಒಬ್ಬ ಮನುಷ್ಯ ಪೆಟ್ಟಿಗೆಯಂಥ ಮೀಟರ್ ಹಿಡಿದು ಬರುತ್ತಾನೆ. ಮೊದಲು ವೈರ್, ಪ್ಲಗ್ ಕಣ್ಣಿನಿಂದ ನೋಡುತ್ತಾನೆ, ಹೆಚ್ಚಿನ ದೋಷ ಅಲ್ಲೇ ಸಿಗುತ್ತದೆ. ಆಮೇಲೆ ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಮಷಿನ್ನಿನ ಮೈವರೆಗೆ ದಾರಿ ಸರಿಯಿದೆಯೇ ಎಂದು ಅಳೆಯುತ್ತಾನೆ, 500 ವೋಲ್ಟ್ ಕೊಟ್ಟು ಇನ್ಸುಲೇಶನ್ ಒಂದು ಮೆಗಾ ಓಮ್ ಆದರೂ ಇದೆಯೇ ನೋಡುತ್ತಾನೆ. ಪಾಸಾದರೆ ತಾರೀಕು ಹಾಕಿ ಚೀಟಿ. ಒಂದು ಮಷಿನ್ನಿಗೆ ಕೆಲವೇ ನಿಮಿಷದ ಕೆಲಸ.

ಅಲ್ಲಿಯೂ ಎಲ್ಲ ಸರಿ ಎಂದಲ್ಲ. ವರ್ಷ ವರ್ಷ ಎಲ್ಲವನ್ನೂ ಪರೀಕ್ಷಿಸಲೇಬೇಕೆಂದು ಕಾಯಿದೆ ಹೇಳುವುದಿಲ್ಲ ಎಂದು ಬ್ರಿಟನ್ನಿನ ಸುರಕ್ಷಾ ಇಲಾಖೆಯೇ ಜನರಿಗೆ ತಿಳಿಸಬೇಕಾಯಿತು. ಆಫೀಸಿನ ಮೇಜಿನ ಮೇಲೆ ಅಲ್ಲಾಡದೆ ಕೂತ ಕಂಪ್ಯೂಟರಿಗೂ ದಿನಾ ನೀರು ಕುಡಿಯುವ ಗ್ರೈಂಡರಿಗೂ ಒಂದೇ ಲೆಕ್ಕ ಆಗುವುದಿಲ್ಲ. ನಗಕ್ಕೆ ಇಷ್ಟು ಎಂದು ಹಣ ಕೊಟ್ಟರೆ ಅಳೆಯುವವನ ಕೈ ಓಡುತ್ತದೆ, ಚೀಟಿ ಮಾತ್ರ ಅಂಟುತ್ತದೆ. ಆದ್ದರಿಂದ ನಮ್ಮಲ್ಲಿ ಮಾಡುವುದಾದರೆ ದಿನಗೂಲಿ ಗೊತ್ತು ಮಾಡಬೇಕು ಎಂದು ನನ್ನ ಅಭಿಪ್ರಾಯ. ಅಳೆಯುವವನು ರಿಪೇರಿ ಮಾಡುವವನಾಗಿರಬಾರದು, ಮಷಿನ್ ಮಾರುವವನಂತೂ ಬೇಡವೇ ಬೇಡ. ತಕ್ಕಡಿಯಲ್ಲಿಯೂ ರಿಪೇರಿಯವನು ಬೇರೆ, ಮುದ್ರೆ ಹಾಕುವವರು ಬೇರೆ.

ಇನ್ನೊಂದು ಇನ್‌ಸ್ಪೆಕ್ಟರನ್ನು ತಲೆ ಮೇಲೆ ತಂದುಕೊಳ್ಳಬೇಕೇ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಈಗಿರುವ ಲೈಸೆನ್ಸುಗಳೇ ಗೋಡೆ ತುಂಬಾ ಫ್ರೇಮ್ ಹಾಕಿ ತೂಗಾಡುತ್ತಿವೆ. ಸರಕಾರ ಬೇಡ, ಸಂಘವೇ ಮಾಡಲಿ. ಐಟಿಐಯಲ್ಲಿ ಎರಡು ವರ್ಷ ಇಲೆಕ್ಟ್ರಿಷಿಯನ್ ಕಲಿತ, ವೈರ್‌ಮನ್ ಪರವಾನಗಿ ಇರುವ ಇಬ್ಬರು ಹುಡುಗರು, ಒಂದು ಟೆಸ್ಟರ್, ಒಂದು ರಿಜಿಸ್ಟರ್. ಬಾರಾಮತಿ, ಇಂದಾಪುರ, ಫಲಟಣ, ದೌಂಡ್ ಎಂದು ತಿರುಗಿದರೆ ಅವರಿಗೆ ವರ್ಷವಿಡೀ ಕೆಲಸ. ನಮ್ಮವರ ಮಕ್ಕಳು ಹೋಟೆಲ್ ಬೇಡ ಎನ್ನುತ್ತಾರೆ, ಅವರಲ್ಲಿ ಒಬ್ಬಿಬ್ಬರಿಗೆ ಇದೇ ಒಂದು ದಾರಿಯಾದೀತು. ಒದ್ದೆ ಜಾಗದ ಮಷಿನ್ ಆರು ತಿಂಗಳಿಗೊಮ್ಮೆ, ಗಲ್ಲಾದ ಬಿಲ್ಲಿಂಗ್ ಮಷಿನ್, ಫ್ಯಾನ್ ಎರಡು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಫೇಲಾದದ್ದಕ್ಕೆ ಕೆಂಪು ಚೀಟಿ ಅಂಟಿಸಿ ಪ್ಲಗ್ ಬಿಚ್ಚಿಟ್ಟು ಬರಬೇಕು, ಮಾಲೀಕನು ಎಷ್ಟೇ ಹಳೆ ಪರಿಚಯದವನಾದರೂ ಸರಿ.

ದೇಶದಲ್ಲಿ ವಿದ್ಯುತ್ ಶಾಕಿನಿಂದ ವರ್ಷಕ್ಕೆ 10,000ಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಕೆಲಸದಲ್ಲಿದ್ದಾಗ ಹುಡುಗನಿಗೆ ಏನಾದರೂ ಆದರೆ ಕಾನೂನಿನ ಪ್ರಕಾರ ಪರಿಹಾರದ ಹೊಣೆ ಮಾಲೀಕನದ್ದೇ. ಹಣವನ್ನು ಹೇಗೋ ಹೊಂದಿಸಬಹುದು. ನಮ್ಮನ್ನು ನಂಬಿ ಹುಡುಗನನ್ನು ಕಳಿಸಿದ ಅಮ್ಮನಿಗೆ ಊರಿಗೆ ಫೋನ್ ಮಾಡುವವರು ಯಾರು?

ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯವನ್ನು ಅಜೆಂಡಾದಲ್ಲಿ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿ. ಟೆಸ್ಟರ್ ಕೊಳ್ಳಲು ಸದಸ್ಯರಿಂದ ತಲಾ ಎಷ್ಟು ಎಂಬುದನ್ನು ಅಲ್ಲೇ ತೀರ್ಮಾನಿಸೋಣ. ನಮ್ಮ ಹೋಟೆಲಿನಲ್ಲಿ ಪ್ಲಗ್ಗಿಗೆ ಹಾಕುವ ಮಷಿನ್ 23 ಇವೆ, ಮೊದಲ ದಿನದ ಕೆಲಸಕ್ಕೆ ಅವನ್ನೇ ತೆಗೆದುಕೊಳ್ಳಬಹುದು.