ಒಮ್ಮೆ ಎಲೆ ತಿರುಗಿಸಿ ನೋಡಿ ಸ್ವಾಮಿ

ವೀಕೆಂಡ್ ಬಂತು ಅಂದ್ರೆ ಸಾವನದುರ್ಗ, ಶಿವಗಂಗೆ, ರಾಮನಗರದ ಬೆಟ್ಟ ಹತ್ತುವವರಲ್ಲಿ ಈಗ ಒಂದು ಹೊಸ ವರ್ಗ ಹುಟ್ಟಿಕೊಂಡಿದೆ. ಇವರು ಬರೀ ಸೆಲ್ಫಿ ಗಿರಾಕಿಗಳಲ್ಲ. ಹಕ್ಕಿ, ಚಿಟ್ಟೆ, ಹೂವು, ಏನು ಕಂಡರೂ ಫೋಟೋ ತೆಗೆದು ಆ್ಯಪ್‌ಗೆ ಹಾಕುವವರು. ಒಳ್ಳೇ ಕೆಲಸ, ನಾನೂ ಅದೇ ಜಾತಿಗೆ ಸೇರಿದ ಪ್ರಾಣಿ. ಆದರೆ ಬಂಡೆಯ ಬಿರುಕಿನಲ್ಲಿ ಒಂದು ಜರೀಗಿಡ ಕಂಡಾಗ ನಡೆಯುವ ವ್ಯವಹಾರ ಇದೆಯಲ್ಲ, ಅದನ್ನು ನೋಡಿದರೆ ಮೈ ಉರಿಯುತ್ತೆ. ಬಗ್ಗುವುದಿಲ್ಲ, ಕೂರುವುದಿಲ್ಲ, ನಿಂತಲ್ಲಿಂದಲೇ ಮೇಲಿಂದ ಒಂದು ಕ್ಲಿಕ್. ಆ್ಯಪ್ ಒಂದು ಹೆಸರು ಸೂಚಿಸುತ್ತೆ, ಅದನ್ನೇ ಒತ್ತುತ್ತಾರೆ. ಜೊತೆಗೆ ಬಂದಿದ್ದ ಗೆಳೆಯ ರಾತ್ರಿ ಮನೆಗೆ ಹೋಗಿ ‘ಅಗ್ರೀ’ ಒತ್ತುತ್ತಾನೆ. ಮುಗೀತು, ನಾಮಕರಣ ಆಯ್ತು.

ಇದೇನು ವಾಟ್ಸ್ಯಾಪ್ ಫಾರ್ವರ್ಡ್ ಅಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ಫೋಟೋ, ದಿನಾಂಕ, ಜಾಗ ಇದ್ದು, ಹೆಸರು ಹೇಳಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಮಂದಿ ಒಪ್ಪಿದರೆ ಆ ದಾಖಲೆಗೆ ‘ರಿಸರ್ಚ್ ಗ್ರೇಡ್’ ಅನ್ನೋ ಮುದ್ರೆ ಬೀಳುತ್ತೆ. ಇರುವುದೇ ಇಬ್ಬರು, ಇಬ್ಬರೂ ಒಪ್ಪಿದ್ದಾರೆ ಅಂದರೂ ಸಾಕು. ಅಲ್ಲಿಂದ ಅಂಥ ದಾಖಲೆಗಳು ಜಿಬಿಐಎಫ್ ಎಂಬ ಜಾಗತಿಕ ಕಣಜಕ್ಕೆ ಹೋಗುತ್ತವೆ. ಯಾವ ಗಿಡ ಎಲ್ಲೆಲ್ಲಿದೆ ಅಂತ ನಕ್ಷೆ ಬರೆಯುವವರು ಆ ಕಣಜದಿಂದಲೇ ಮೊಗೆಯುತ್ತಾರೆ.

ಬೆಳ್ಳಿ ಜರೀಗಿಡವನ್ನೇ ತಗೊಳ್ಳಿ. ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಎಲೆಯನ್ನು ಮುಂಗೈ ಮೇಲಿಟ್ಟು ಪಟ್ ಅಂತ ಹೊಡೆದರೆ ಬಿಳಿ ಹಚ್ಚೆ ಮೂಡುತ್ತೆ. (ನ್ಯೂಜಿಲೆಂಡ್ ಕ್ರಿಕೆಟಿಗರ ಅಂಗಿ ಮೇಲಿರುವ ಬೆಳ್ಳಿ ಜರಿ ಇದಲ್ಲ. ಅದು ಮರದಷ್ಟು ಎತ್ತರ ಬೆಳೆಯುವ ಬೇರೆಯೇ ಸಂಸಾರ.) ಹಚ್ಚೆ ಮೂಡಿತು ಅಂದ್ರೆ ಅದೇ ಗಿಡ ಅನ್ನೋದು ನಮ್ಮವರ ಲೆಕ್ಕ. ಆದರೆ ನಮ್ಮಲ್ಲಿ ಈ ಬಿಳಿ ಪುಡಿ ಬಳಿದುಕೊಂಡವು ಎರಡು ಬೇರೆ ಬೇರೆ ಗುಂಪುಗಳಲ್ಲಿವೆ. ಒಂದು ನಮ್ಮ ಬಂಡೆಗಳ ಅಲ್ಯೂರಿಟಾಪ್ಟೆರಿಸ್. ಇನ್ನೊಂದು ಉಷ್ಣವಲಯದ ಅಮೆರಿಕದಿಂದ ಬಂದು ಪಶ್ಚಿಮಘಟ್ಟದಲ್ಲಿ ಬೀಡುಬಿಟ್ಟಿರುವ ಪಿಟಿರೋಗ್ರಾಮಾ ಕ್ಯಾಲೊಮೆಲಾನೊಸ್. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆ ಇದು ಧಾರಾಳವಾಗಿ ಸಿಗುತ್ತೆ.

ಇವೆರಡನ್ನು ಬಿಡಿಸಲು ಪಿಎಚ್‌ಡಿ ಬೇಡ, ಎಲೆ ಮಗುಚಿದರೆ ಸಾಕು. ನಮ್ಮ ಗಿಡದಲ್ಲಿ ಬೀಜಾಣುಗಳ ಚೀಲಗಳೆಲ್ಲ ಎಲೆಯ ಅಂಚಿನಲ್ಲಿ ಸಾಲುಗಟ್ಟಿರುತ್ತವೆ, ಸೀರೆಯ ಅಂಚು ಮಡಚಿ ಹೊಲಿದಂತೆ ಎಲೆಯಂಚೇ ಮಡಚಿ ಅವನ್ನು ಮುಚ್ಚಿರುತ್ತೆ. ಅಮೆರಿಕದ ಅತಿಥಿಗೆ ಆ ಮಡಿಕೆ ಇಲ್ಲ. ಚೀಲಗಳು ನರಗಳ ಗುಂಟ ಎಲೆಯ ಅಡಿಯಲ್ಲೆಲ್ಲ ಹರಡಿರುತ್ತವೆ, ರಾಗಿಹಿಟ್ಟು ಚೆಲ್ಲಿದ ಹಾಗೆ. ಮೇಲಿಂದ ತೆಗೆದ ಫೋಟೋದಲ್ಲಿ ಇದ್ಯಾವುದೂ ಬರಲ್ಲ. ‘ಎರಡೂ ಒಂದೇ ಬಿಡಿ’ ಅನ್ನುವವರಿಗೆ ಇನ್ನೊಂದು ವಿಷಯ: ಪಿಟಿರೋಗ್ರಾಮಾ ಮಣ್ಣಲ್ಲಿರುವ ಆರ್ಸೆನಿಕ್ ಅನ್ನು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತೆ. ಥಾಯ್ಲೆಂಡಿನ ಗಿಡಗಳಲ್ಲಿ ಕಂಡ ಈ ಗುಣ 2002ರಲ್ಲಿ ಪ್ರಕಟವಾಯಿತು. ಬೆಳ್ಳಿ ಜರಿಯ ಕಷಾಯ ಒಳ್ಳೇದು ಅಂತ ಯಾರೋ ರೀಲ್ ಮಾಡಿದರೆ, ಕುಡಿಯುವವರು ಕುದಿಸುವುದು ಯಾವ ಎಲೆ?

ಇಷ್ಟು ಸುಲಭದ ಭಾಗ. ಕಷ್ಟ ಇರುವುದು ನಮ್ಮ ಬಂಡೆಗಿಡಗಳ ಒಳಗೇ. ಸ್ವೀಡನ್ ಮೂಲದ ಪೀಟರ್ ಫೋರ್ಸ್ಕೋಲ್ ಎಂಬಾತ ಯೆಮನ್‌ನಲ್ಲಿ ಗಿಡ ಹುಡುಕುತ್ತ 1763ರಲ್ಲಿ ಅಲ್ಲೇ ತೀರಿಕೊಂಡ. ಅವನ ಬರಹ ಅಚ್ಚಾದದ್ದು 1775ರಲ್ಲಿ. ಅದರಲ್ಲಿದ್ದ ‘ಫಾರಿನೋಸಾ’, ಅಂದರೆ ಹಿಟ್ಟು ಹಿಟ್ಟಾದದ್ದು ಅನ್ನೋ ಹೆಸರನ್ನು ಮುಂದಿನವರು ಆಫ್ರಿಕಾದಿಂದ ಭಾರತದವರೆಗೆ ಬಿಳಿ ಬೆನ್ನಿನ ಜರಿ ಕಂಡಲ್ಲೆಲ್ಲ ಅಂಟಿಸುತ್ತ ಬಂದರು. 1966ರಲ್ಲಿ ಐರೀನ್ ಮ್ಯಾಂಟನ್, ರಾಯ್, ಜ್ಯಾರೆಟ್ ಮೂವರೂ ಸೇರಿ ಆಫ್ರಿಕಾ ಮತ್ತು ಭಾರತದ ಗಿಡಗಳ ಕ್ರೋಮೋಸೋಮ್ ಅಧ್ಯಯನ ಪ್ರಕಟಿಸಿದಾಗ, ಅವರು ಮಾತಾಡಿದ್ದು ಒಂದು ಪ್ರಭೇದದ ಬಗ್ಗೆ ಅಲ್ಲ, ಒಂದು ಜಟಿಲ ಗುಂಪಿನ ಬಗ್ಗೆ. ಬೈಕಲರ್, ಆನ್ಸೆಪ್ಸ್, ಆಲ್ಬೋಮಾರ್ಜಿನೇಟಾ ಹೀಗೆ ಭಾರತದ ಗಿಡಗಳಿಗೆ ಬೇರೆ ಬೇರೆ ಹೆಸರುಗಳಿವೆ. ಆದರೂ ಫಾರಿನೋಸಾ ಅನ್ನೋ ಹಣೆಪಟ್ಟಿ ಬಿಟ್ಟು ಹೋಗ್ತಾ ಇಲ್ಲ.

ಇಷ್ಟೊಂದು ಹತ್ತಿರದ ದಾಯಾದಿಗಳು ಹುಟ್ಟಿದ್ದಕ್ಕೆ ಕಾರಣ ಸ್ವಾರಸ್ಯವಾಗಿದೆ. ಜರೀಗಿಡದ ಗರ್ಭಧಾರಣೆಗೆ ನೀರಿನ ಪದರ ಬೇಕು. ಕಾದ ಬಂಡೆ ಮೇಲೆ ಅದೆಲ್ಲಿ ಬರಬೇಕು? ಹಾಗಾಗಿ ಈ ಕುಟುಂಬದ ಎಷ್ಟೋ ಗಿಡಗಳು ಗಂಡು-ಹೆಣ್ಣಿನ ಗೊಡವೆಯನ್ನೇ ಬಿಟ್ಟಿವೆ. ಬೀಜಾಣುವಿನಿಂದ ಗರ್ಭಧಾರಣೆ ಇಲ್ಲದೆಯೇ ತಾಯಿಯ ನಕಲು ಹುಟ್ಟುತ್ತೆ. ಸಣ್ಣ ವ್ಯತ್ಯಾಸ ಒಂದು ಬಂತೋ, ಬೆರಕೆಯಾಗದೆ ಹಾಗೇ ಮುಂದುವರಿಯುತ್ತೆ. ಸೂಕ್ಷ್ಮದರ್ಶಕ ಇದ್ದವರಿಗೆ ಗುರುತೂ ಇದೆ: ಸಾಮಾನ್ಯವಾಗಿ ಕೂಡಿ ಹುಟ್ಟಿಸುವ ಗಿಡದ ಚೀಲದಲ್ಲಿ 64 ಬೀಜಾಣು, ಕೂಡದೆ ಹುಟ್ಟಿಸುವುದರಲ್ಲಿ 32.

ಫೋನ್ ಮಾತ್ರ ಇರುವವರು ನೋಡಬೇಕಾದದ್ದು ಎಲೆತೊಟ್ಟಿನ ಬುಡ. ಅಲ್ಲಿ ಒಣ ಹುರುಪೆಗಳಿರುತ್ತವೆ. ಅವು ಒಂದೇ ಬಣ್ಣವೋ, ನಡುವೆ ಕಪ್ಪು ಪಟ್ಟೆ ಇದ್ದು ಅಂಚು ತಿಳಿಯಾಗಿದೆಯೋ? ಬುಡದಲ್ಲೇ ನಿಂತಿವೆಯೋ, ಎಲೆಯ ನಡುದಿಂಡಿನವರೆಗೂ ಹತ್ತಿವೆಯೋ? ಮಡಚಿದ ಅಂಚು ನೇರವಾಗಿದೆಯೋ, ಹರಿದ ಹಾಗಿದೆಯೋ? ಮೇಲೊಂದು, ಅಡಿಯಲ್ಲೊಂದು, ಬುಡದ್ದೊಂದು, ಮೂರು ಫೋಟೋ. ಒಂದು ರೀಲ್‌ಗೆ ಹನ್ನೊಂದು ಟೇಕ್ ತಗೊಳ್ಳುವವರಿಗೆ ಮೂರು ಫೋಟೋ ಭಾರವಾ? ಅಷ್ಟಾದರೂ ತಿಳಿಯಲಿಲ್ಲ ಅಂದ್ರೆ ಕುಲದ ಹೆಸರಿನಲ್ಲೇ ನಿಲ್ಲಿಸಿ. ಅದರಲ್ಲಿ ಯಾವ ಅವಮಾನವೂ ಇಲ್ಲ.

‘ಬಾಟನಿಯವರೇ ದಿನಕ್ಕೊಂದು ಹೆಸರು ಬದಲಾಯಿಸ್ತಾರಲ್ಲ’ ಅಂತ ಕೆಲವರು ತಕರಾರು ತೆಗೀತಾರೆ. ನಿಜ, ಇದೇ ಗಿಡ ಮೊದಲು ಕೈಲಾಂಥಿಸ್ ಆಗಿತ್ತು, ಕೆಲವರು ಈಗ ಹೆಮಿಯೊನೈಟಿಸ್ ಅನ್ನುತ್ತಾರೆ. ಸೌತ್ ಪರೇಡ್ ಎಂ.ಜಿ. ರೋಡ್ ಆಯ್ತು ಅಂತ ಆ ರಸ್ತೆ, ಬ್ರಿಗೇಡ್ ರೋಡ್ ಎರಡೂ ಒಂದೇ ಆಗಿಬಿಡ್ತಾ?

ಮತ್ತೆ, ‘ಜರೀಗಿಡ ತಾನೇ, ಯಾರಿಗೆ ಬೇಕು?’ ಅನ್ನೋ ಪ್ರಶ್ನೆ. ನಿಮ್ಮ ಅಡುಗೆಮನೆಯ ಕಪ್ಪು ಕಟ್ಟೆಯನ್ನೊಮ್ಮೆ ಸವರಿ ನೋಡಿ. ಅದು ಬಂದದ್ದು ಯಾವುದೋ ಬೆಟ್ಟದಿಂದ. ಬೆಟ್ಟ ಸೀಳುವ ಮುಂಚೆ ಅಲ್ಲಿ ಏನಿದೆ ಅಂತ ಯಾರಾದರೂ ಕೇಳಿದರೆ, ಉತ್ತರ ಬರುವುದು ಇಂಥ ದಾಖಲೆಗಳಿಂದಲೇ. ಎಲ್ಲದಕ್ಕೂ ಫಾರಿನೋಸಾ ಅಂತ ಬರೆದಿಟ್ಟರೆ, ಯೆಮನ್‌ನಿಂದ ರಾಮನಗರದವರೆಗೆ ಎಲ್ಲೆಡೆ ಸಿಗುವ ಗಿಡ, ಹೋದರೆ ನಷ್ಟವಿಲ್ಲ ಅಂತ ಆಗುತ್ತೆ. ಅದರೊಳಗೆ ನಾಲ್ಕು ಬೆಟ್ಟಗಳಿಗಷ್ಟೇ ಸೀಮಿತವಾದದ್ದೊಂದು ಇದ್ದರೆ, ಅದು ಇತ್ತು ಅನ್ನೋದೇ ಗೊತ್ತಾಗದೆ ಜೆಲ್ಲಿಕಲ್ಲಾಗಿ ಹೋಗುತ್ತೆ. ಮೂಲಿಕೆಯ ಗುರುತು ಹತ್ತದ ಹನುಮಂತ ಬೆಟ್ಟವನ್ನೇ ಎತ್ತಿ ತಂದ. ನಾವು ಗುರುತು ಹತ್ತಲಿಲ್ಲ ಅಂತ ಬೆಟ್ಟಕ್ಕೇ ಮದ್ದಿಡುತ್ತೇವೆ.

ಆದ್ದರಿಂದ ಗೆಳೆಯನ ಮುಖ ನೋಡಿ ‘ಅಗ್ರೀ’ ಒತ್ತಬೇಡಿ. ಅಡಿಭಾಗ ಕಾಣದ ಫೋಟೋಗೆ ‘ಎಲೆ ತಿರುಗಿಸಿದ್ದು ಇದೆಯಾ?’ ಅಂತ ಕೇಳಿ, ಯಾರೂ ಮುನಿಸಿಕೊಳ್ಳಲ್ಲ. ಹಾಗಂತ ಕೀಳಬೇಡಿ, ಬೆರಳಲ್ಲಿ ಮೆಲ್ಲಗೆ ಎತ್ತಿದರೆ ಸಾಕು. ಬೇಸಿಗೆಯಲ್ಲಿ ಹೋದರಂತೂ ಆ ಕಷ್ಟವೂ ಇಲ್ಲ. ಬಿಸಿಲಿಗೆ ಎಲೆ ಮುದುಡಿಕೊಂಡು ಬಿಳಿ ಬೆನ್ನನ್ನು ಹೊರಗೆ ಮಾಡಿಕೊಂಡು ಕೂತಿರುತ್ತೆ, ಮೊದಲ ಮಳೆ ಬೀಳೋವರೆಗೂ.